ಹಳೆ ಡಿಸ್ಕಿನ ಅರವತ್ತೊಂದು ಸ್ನ್ಯಾಪ್‌ಶಾಟ್

ಪ್ರೆಸ್ಸಿನ ಯಜಮಾನರು ಫೋನ್ ಮಾಡಿದ್ದು ಆಷಾಢದ ಒಂದು ಭಾನುವಾರ ಸಂಜೆ. "ನಾಲ್ಕು ಟಿಬಿಯ ಹೊಸ ಡಿಸ್ಕ್ ತುಂಬಿಹೋಯ್ತಂತೆ ಮಾರಾಯ. ಹಳೇದು ಇರೋದೇ ಎರಡು ಟಿಬಿ. ಎರಡು ಸೇರಿನ ಅಕ್ಕಿ ನಾಲ್ಕು ಸೇರಿನ ಡಬ್ಬದಲ್ಲಿ ಹಿಡಿಸೋದಿಲ್ಲ ಅಂದ್ರೆ ಎಂಥ ಹೇಳೋದು?"

ಮಲೆನಾಡಿನ ಒಂದು ತಾಲ್ಲೂಕು ಊರಿನ ಹಳೆಯ ಪ್ರೆಸ್ ಅದು. ಲಗ್ನಪತ್ರಿಕೆ, ಬಿಲ್‌ಬುಕ್, ಸಂಘಗಳ ವಾರ್ಷಿಕ ವರದಿ, ಸ್ಮರಣ ಸಂಚಿಕೆ, ಜೊತೆಗೆ ಸುತ್ತಲಿನ ಮನೆಗಳಲ್ಲಿರುವ ಹಳೆಯ ಕೈಬರಹದ ಪುಸ್ತಕಗಳ ಸ್ಕ್ಯಾನಿಂಗ್. ಎಲ್ಲ ಫೈಲೂ ಒಂದು ಲಿನಕ್ಸ್ ಯಂತ್ರದಲ್ಲಿ, ಬಿಟಿಆರ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್ (ಡಿಸ್ಕಿನ ಮೇಲೆ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಹಾಕಿದ 2 ಟಿಬಿ ಹಾರ್ಡ್ ಡಿಸ್ಕಿನ ಮೇಲೆ. ಮೂರು ವರ್ಷದ ಕೆಳಗೆ ಅದನ್ನು ಕೂರಿಸಿಕೊಟ್ಟವನು ನಾನೇ. ಆಪರೇಟಿಂಗ್ ಸಿಸ್ಟಮ್ ಬೇರೆ ಎಸ್‌ಎಸ್‌ಡಿಯಲ್ಲಿದೆ. ಇದು ಬರೀ ದತ್ತಾಂಶದ ಡಿಸ್ಕ್. ದಿನದ್ದು 14, ವಾರದ್ದು 11, ತಿಂಗಳಿನದ್ದು 36, ಒಟ್ಟು 61 ಸ್ನ್ಯಾಪ್‌ಶಾಟ್ (ಆಯಾ ಹೊತ್ತಿಗೆ ಫೈಲುಗಳು ಹೇಗಿದ್ದವೋ ಹಾಗೇ ಹಿಡಿದಿಟ್ಟ ರೂಪ) ಅದರಲ್ಲಿದ್ದವು.

ಈ ಸ್ನ್ಯಾಪ್‌ಶಾಟ್‌ಗಳ ಬಗ್ಗೆ ಯಜಮಾನರಿಗೆ ಇರುವ ಅಕ್ಕರೆಗೆ ಕಾರಣವಿದೆ. ಎರಡು ವರ್ಷದ ಹಿಂದೆ ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿದ್ದ ಕಡತಗಳನ್ನೆಲ್ಲ ಯೂನಿಕೋಡಿಗೆ ತಿರುಗಿಸಿದ್ದರು. ಆಸ್ಕಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ. ಯೂನಿಕೋಡಿನಲ್ಲಿ ಅದು ಅಕ್ಷರಕ್ಕಿಂತ ಮೊದಲು ಬರುವ ರಕಾರ. ಪರಿವರ್ತಕ ಆ ಜಾಗ ತಪ್ಪಿಸಿದ ಕಡೆಯೆಲ್ಲ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗಿತ್ತು. ಗೊತ್ತಾಗುವ ಹೊತ್ತಿಗೆ ಮೂರು ತಿಂಗಳು ಕಳೆದಿತ್ತು, ಮೂಲ ಕಡತಗಳ ಮೇಲೆಯೇ ಹೊಸವು ಕೂತಿದ್ದವು. ಆವತ್ತು ತಿಂಗಳ ಸ್ನ್ಯಾಪ್‌ಶಾಟ್ ತೆರೆದು ನೂರಾರು ಕಡತಗಳನ್ನು ಮೂಲರೂಪದಲ್ಲಿ ವಾಪಸು ತೆಗೆದೆವು. ಆಗಿನಿಂದ ಅವರು ಗಿರಾಕಿಗಳಿಗೂ ಹೇಳುತ್ತಾರೆ: "ನಮ್ಮಲ್ಲಿ ಮೂರು ವರ್ಷದ ಹಿಂದಿನದ್ದೂ ಸಿಗ್ತದೆ."

ಈಗಿನ ಕತೆಗೆ ಬರುತ್ತೇನೆ. ಡಿಸ್ಕ್ ಕಿರಿಕಿರಿ ಶುರುಮಾಡಿತ್ತು. ಕೆಲವು ಫೈಲ್ ತೆರೆಯುವಾಗ ಯಂತ್ರ ಅರ್ಧ ನಿಮಿಷ ಗಪ್ಪನೆ ನಿಲ್ಲುತ್ತಿತ್ತು. ಡಿಟಿಪಿ ಮಾಡುವ ಹುಡುಗ ಚುರುಕು. ತಾನೇ 4 ಟಿಬಿ ಡಿಸ್ಕ್ ತರಿಸಿ, ಶನಿವಾರ ಸಂಜೆ ಫೈಲು ನಕಲಿಸುವ ಆರ್‌ಸಿಂಕ್ ತಂತ್ರಾಂಶ ಹಾಕಿ ಮನೆಗೆ ಹೋಗಿದ್ದ. ಹಾರ್ಡ್‌ಲಿಂಕ್ (ಒಂದೇ ಫೈಲಿಗೆ ಇರುವ ಇನ್ನೊಂದು ಹೆಸರು) ಕಾಪಾಡುವ ಆಯ್ಕೆಯನ್ನೂ ಕೊಟ್ಟಿದ್ದ. ಭಾನುವಾರ ಮಧ್ಯಾಹ್ನ ಬಂದು ನೋಡಿದರೆ ಜಾಗ ಖಾಲಿಯಾಗಿ ಆರ್‌ಸಿಂಕ್ ನಿಂತಿತ್ತು. ನಾಲ್ಕು ಸ್ನ್ಯಾಪ್‌ಶಾಟ್ ದಾಟಿ ಐದನೆಯದರ ಮಧ್ಯೆ.

ಅವನು ಮಾಡಿದ್ದರಲ್ಲಿ ಅವಸರವಿರಲಿಲ್ಲ, ಉದಾಸೀನವೂ ಇರಲಿಲ್ಲ. ಸ್ನ್ಯಾಪ್‌ಶಾಟ್ ಕಣ್ಣಿಗೆ ಕಾಣುವುದು ಫೋಲ್ಡರಿನ ಹಾಗೆ. ಒಳಗೆ ಹೋದರೆ ಪ್ರೆಸ್ಸಿನ ಫೈಲುಗಳ ಪೂರ್ತಿ 900 ಜಿಬಿಯೂ ಕಾಣುತ್ತದೆ. ಆದರೆ ಡಿಸ್ಕಿನ ಮೇಲೆ ಅಂಥ 61 ಪ್ರತಿಗಳಿಲ್ಲ. ಬಿಟಿಆರ್‌ಎಫ್‌ಎಸ್ 'ಕಾಪಿ ಆನ್ ರೈಟ್' ಪದ್ಧತಿಯದ್ದು: ಫೈಲಿನ ಒಂದು ತುಂಡು ಬದಲಾದರೆ ಹಳೆ ಜಾಗದ ಮೇಲೆ ಬರೆಯುವುದಿಲ್ಲ, ಹೊಸ ಜಾಗದಲ್ಲಿ ಬರೆದು ಸೂಚಿಯನ್ನು ಅತ್ತ ತಿರುಗಿಸುತ್ತದೆ. ಸ್ನ್ಯಾಪ್‌ಶಾಟ್ ಎಂದರೆ ಹಳೆಯ ಸೂಚಿಯನ್ನು ಬಿಡದೆ ಹಿಡಿದುಕೊಳ್ಳುವುದು, ಅಷ್ಟೆ. ಬದಲಾಗದ ತುಂಡು ಒಂದೇ; ಅದಕ್ಕೆ ವಾರಸುದಾರರು 62. ಹಾಗಾಗಿ ಎಲ್ಲ ಸೇರಿ ಬಳಕೆಯಾಗಿದ್ದ ಜಾಗ 1.38 ಟಿಬಿ ಮಾತ್ರ. ಆರ್‌ಸಿಂಕಿಗೆ ಈ ಹಂಚಿಕೆ ಕಾಣುವುದೇ ಇಲ್ಲ. ಇವು ಹಾರ್ಡ್‌ಲಿಂಕ್ ಅಲ್ಲ, ಒಂದೊಂದೂ ತನ್ನದೇ ಇನೋಡ್ (ಫೈಲಿನ ಗುರುತಿನ ದಾಖಲೆ) ಇರುವ ಫೈಲು. ಅದರ ಪಾಲಿಗೆ ಕೆಲಸ ಹೆಚ್ಚುಕಡಿಮೆ 50 ಟಿಬಿಯದ್ದು.

ಸಾಗಿಸಬೇಕಾದದ್ದು ಫೈಲುಗಳನ್ನಲ್ಲ, ಅವುಗಳ ನಡುವಿನ ಹಂಚಿಕೆಯನ್ನು. ಇದು ಮನಸ್ಸಿನಲ್ಲಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಸೋಮವಾರ ಬಸ್ಸು ಹತ್ತಿ ಹೋದೆ. ಮೊದಲು ನೋಡಿದ್ದು ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿ. ಓದಲಾಗದೆ ಬಾಕಿ ಉಳಿದ ಸೆಕ್ಟರ್ (ಡಿಸ್ಕ್ ಓದುವ ಅತಿ ಸಣ್ಣ ತುಂಡು) 24 ಎಂದಿತ್ತು. ಈ ಡಿಸ್ಕ್ ಹೊರಗೆ 512 ಬೈಟಿನ ಸೆಕ್ಟರ್ ತೋರಿಸುತ್ತದೆ, ಒಳಗಿನ ನಿಜವಾದ ಸೆಕ್ಟರ್ 4096 ಬೈಟಿನದ್ದು. 24 ಎಂದರೆ ಎಂಟೆಂಟರ ಮೂರು ಕಂತೆ. ನಿಜದಲ್ಲಿ ಕೆಟ್ಟದ್ದು ಮೂರೇ ಜಾಗ. ಸ್ಕ್ರಬ್ ಓಡಿಸಿದೆ, ಅಂದರೆ ಫೈಲ್‌ಸಿಸ್ಟಮ್ ತನ್ನ ಪ್ರತಿಯೊಂದು ಬ್ಲಾಕನ್ನೂ ಓದಿ ಚೆಕ್‌ಸಮ್ (ಬರೆಯುವಾಗಲೇ ಲೆಕ್ಕ ಹಾಕಿಟ್ಟ ತಾಳೆಸಂಖ್ಯೆ) ತಾಳೆ ನೋಡಿತು. ಮೆಟಾಡೇಟಾವನ್ನು, ಅಂದರೆ ಯಾವ ಫೈಲು ಎಲ್ಲಿದೆ ಎಂಬ ಸೂಚಿಗಳನ್ನು, ಎರಡೆರಡು ಪ್ರತಿಯಲ್ಲಿ ಇಟ್ಟಿದ್ದರಿಂದ ಅಲ್ಲಿ ತೊಂದರೆಯಿಲ್ಲ. ದತ್ತಾಂಶದಲ್ಲಿ ಸರಿಪಡಿಸಲಾಗದ ಬ್ಲಾಕ್ 3.

ಕರ್ನೆಲ್ (ಲಿನಕ್ಸಿನ ತಿರುಳು) ಬರೆಯುವ ಲಾಗ್ ಈ ವಿಷಯದಲ್ಲಿ ಬಹಳ ಪ್ರಾಮಾಣಿಕ. ಯಾವ ಬ್ಲಾಕ್, ಯಾವ ಇನೋಡ್, ಫೈಲಿನೊಳಗೆ ಎಷ್ಟನೇ ಬೈಟು, ಫೈಲಿನ ದಾರಿ ಏನು, ಎಲ್ಲವನ್ನೂ ಒಂದೇ ಸಾಲಿನಲ್ಲಿ ಹೇಳುತ್ತದೆ. ಎರಡು ಬ್ಲಾಕ್ ಅಕ್ಕಪಕ್ಕದವು, ಒಂದೇ ಟಿಫ್ ಫೈಲಿನವು: ಒಂದು ಮನೆತನದ ಯಕ್ಷಗಾನ ಪ್ರಸಂಗದ ಕೈಬರಹದ ಪುಸ್ತಕ, 71ನೇ ಪುಟ. ಮೂರನೆಯದು ಪ್ರಿಂಟರಿಗೆ ಕಳಿಸಲು ತಯಾರಾಗಿದ್ದ ಯಾವುದೋ ತಾತ್ಕಾಲಿಕ ಫೈಲು. ಅಕ್ಕಪಕ್ಕದ ಎರಡು ತಿಂಗಳ ಸ್ನ್ಯಾಪ್‌ಶಾಟ್‌ಗಳಲ್ಲಿ ಮಾತ್ರ ಉಳಿದಿತ್ತು.

ಹುಡುಗ ಕೇಳಿದ, "ಅಣ್ಣಾ, 71ನೇ ಪುಟ ಹಳೆ ಸ್ನ್ಯಾಪ್‌ಶಾಟಿಂದ ತೆಗೆದ್ರೆ ಆಯ್ತಲ್ಲ?"

ತೆರೆದು ತೋರಿಸಿದೆ. ಹೋದ ವಾರದ್ದರಲ್ಲಿ ಪುಟದ ಮೇಲ್ಭಾಗ ಬಂದು ಮಧ್ಯದಲ್ಲಿ ನಿಂತಿತು. ಹೋದ ವರ್ಷದ್ದರಲ್ಲೂ ಅದೇ ಗೆರೆಗೆ ನಿಂತಿತು. 55 ಸ್ನ್ಯಾಪ್‌ಶಾಟ್‌ಗಳಲ್ಲಿ ಆ ಪುಟವಿತ್ತು, 55ರಲ್ಲೂ ಹಾಗೆಯೇ. ತುಂಡು ಒಂದೇ ಇದ್ದ ಮೇಲೆ ಕೆಟ್ಟರೆ ಎಲ್ಲರಿಗೂ ಕೆಟ್ಟಿತು. ಸ್ನ್ಯಾಪ್‌ಶಾಟ್ ಇದೆ ಎಂದುಕೊಂಡು ಬ್ಯಾಕಪ್ ಬಿಟ್ಟವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಕೈತಪ್ಪಿ ಅಳಿಸಿದ್ದಕ್ಕೆ, ತಪ್ಪಾಗಿ ತಿದ್ದಿದ್ದಕ್ಕೆ ಸ್ನ್ಯಾಪ್‌ಶಾಟ್ ಮದ್ದು. ಡಿಸ್ಕೇ ಕೆಟ್ಟರೆ ಅಲ್ಲ.

ಇನ್ನು ದಾರಿ ಆರಿಸುವ ಮಾತು. ಬಿಟಿಆರ್‌ಎಫ್‌ಎಸ್‌ನಲ್ಲಿ ಹಂಚಿಕೆ ಕೆಡದಂತೆ ಸಾಗಲು ನಾಲ್ಕು ದಾರಿಯಿವೆ, ಕೆಟ್ಟ ಬ್ಲಾಕ್ ಇದ್ದಾಗ ನಾಲ್ಕೂ ಬೇರೆಬೇರೆ ಥರ ನಡೆದುಕೊಳ್ಳುತ್ತವೆ. ಡಿಡಿ ಎಂಬ ನಕಲು ಆಜ್ಞೆಯಿಂದ ಇಡೀ ಡಿಸ್ಕನ್ನು ಬ್ಲಾಕಿಗೆ ಬ್ಲಾಕ್ ಎತ್ತಿಡಬಹುದು, ಆದರೆ ಖಾಲಿ ಜಾಗವನ್ನೂ ಹೊರಬೇಕು, ಓದು ತಪ್ಪಿದಲ್ಲಿ ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಎರಡೂ ಡಿಸ್ಕಿಗೆ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಬರುತ್ತದೆ. ಬಿಟಿಆರ್‌ಎಫ್‌ಎಸ್ ತನ್ನ ಡಿಸ್ಕುಗಳನ್ನು ಗುರುತಿಸುವುದೇ ಯುಯುಐಡಿಯಿಂದ. ಎರಡನ್ನೂ ಒಟ್ಟಿಗೆ ಸಿಕ್ಕಿಸಿ ಮೌಂಟ್ ಮಾಡಿದರೆ, ಅಂದರೆ ಬಳಕೆಗೆ ತೆರೆದರೆ, ಯಾವುದಕ್ಕೆ ಬರೆಯುತ್ತಿದೆ ಎಂಬುದೇ ಅಯೋಮಯ. ಸಾಯುತ್ತಿರುವ ಡಿಸ್ಕಾಗಿದ್ದರೆ, ಕೆಟ್ಟ ಡಿಸ್ಕಿನಿಂದ ಆದಷ್ಟನ್ನು ಎತ್ತುವ ಡಿಡಿರೆಸ್ಕ್ಯೂ ಹಿಡಿಯುತ್ತಿದ್ದೆ. ಇದು ಅಷ್ಟು ಕೆಟ್ಟಿರಲಿಲ್ಲ.

ಹೊಸ ಡಿಸ್ಕನ್ನು ಸೇರಿಸಿ ಹಳೆಯದನ್ನು ತೆಗೆಯುವ ಡಿವೈಸ್ ಆ್ಯಡ್, ಡಿವೈಸ್ ರಿಮೂವ್ ದಾರಿಯನ್ನು ಬಹಳ ಜನ ಮೊದಲು ನೆನೆಯುತ್ತಾರೆ. ಅದು ಪ್ರತಿ ತುಂಡನ್ನೂ ಹೊಸ ಜಾಗಕ್ಕೆ ಎತ್ತಿ, ಅದನ್ನು ಹಿಡಿದ ಸ್ನ್ಯಾಪ್‌ಶಾಟ್‌ಗಳ ಸೂಚಿಗಳನ್ನೆಲ್ಲ ತಿದ್ದುತ್ತ ಹೋಗುತ್ತದೆ. ಸ್ನ್ಯಾಪ್‌ಶಾಟ್ ಹೆಚ್ಚಿದ್ದಷ್ಟೂ ನಿಧಾನ. ಚೆಕ್‌ಸಮ್ ತಪ್ಪಿದ ಬ್ಲಾಕ್ ಸಿಕ್ಕಿತೋ, ಅಲ್ಲೇ ನಿಂತುಬಿಡುತ್ತದೆ.

ಸೆಂಡ್ ಮತ್ತು ರಿಸೀವ್ ನನಗೆ ಬಹಳ ಇಷ್ಟವಾದದ್ದು. 2012ರಲ್ಲಿ 3.6ನೇ ಕರ್ನೆಲಿನ ಜೊತೆ ಬಂತು. ಒಂದು ಸ್ನ್ಯಾಪ್‌ಶಾಟನ್ನು ಪೂರ್ತಿ ಕಳಿಸಿ, ಮುಂದಿನದ್ದಕ್ಕೆ ಹಿಂದಿನದನ್ನು ಪೋಷಕ ಎಂದು ತೋರಿಸಿದರೆ ವ್ಯತ್ಯಾಸ ಮಾತ್ರ ಹೋಗುತ್ತದೆ. ಆದರೆ ಕಳಿಸುವಾಗ ಅದು ಫೈಲಿನ ಒಳಗನ್ನು ಓದಲೇಬೇಕು. 71ನೇ ಪುಟ ಓದಲಾಗದೆ ನಿಂತರೆ ಆ ಸ್ನ್ಯಾಪ್‌ಶಾಟ್ ಹೋಗುವುದಿಲ್ಲ, ಅದನ್ನು ಆಧರಿಸಿದ ಸರಪಳಿಯೇ ಮುಂದೆ ಸರಿಯುವುದಿಲ್ಲ.

ಉಳಿದದ್ದು ರಿಪ್ಲೇಸ್. 2013ರ 3.8ನೇ ಕರ್ನೆಲಿನಿಂದ ಇದೆ. ಬಳಕೆಯಲ್ಲಿರುವ ಬ್ಲಾಕ್‌ಗಳನ್ನು ಮಾತ್ರ ಹೊಸ ಡಿಸ್ಕಿನ ಅದೇ ಸ್ಥಾನಕ್ಕೆ ನಕಲು ಮಾಡುತ್ತದೆ. ಸೂಚಿಗಳನ್ನು ಮುಟ್ಟುವುದೇ ಇಲ್ಲ, ಆದ್ದರಿಂದ ಸ್ನ್ಯಾಪ್‌ಶಾಟ್ 61 ಇರಲಿ 600 ಇರಲಿ ಅದಕ್ಕೆ ಒಂದೇ. ಓದಲಾಗದ್ದನ್ನು ಲೆಕ್ಕಕ್ಕೆ ಬರೆದು ಮುಂದೆ ಹೋಗುತ್ತದೆ. ಕೆಟ್ಟ ಬ್ಲಾಕ್ ಹೊಸ ಡಿಸ್ಕಿನಲ್ಲಿ ಸರಿಯಾಯಿತೆಂಬ ಭ್ರಮೆಯನ್ನೂ ಹುಟ್ಟಿಸುವುದಿಲ್ಲ: ಚೆಕ್‌ಸಮ್ ಹಳೆಯದೇ ಇರುವುದರಿಂದ ಆ ಜಾಗ ಓದಿದರೆ ಅಲ್ಲೂ ತಪ್ಪು ಎಂದೇ ಬರುತ್ತದೆ. ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು ಎಂಬುದೊಂದೇ ಷರತ್ತು.

ನನ್ನ ಲ್ಯಾಪ್‌ಟಾಪಿನಲ್ಲಿ 2 ಜಿಬಿಯ ಇಮೇಜ್ ಫೈಲ್‌ಗಳನ್ನು ಡಿಸ್ಕಿನ ಹಾಗೆ ನಡೆದುಕೊಳ್ಳುವ ಲೂಪ್ ಸಾಧನವಾಗಿ ಕಟ್ಟಿ, ಹತ್ತು ಸ್ನ್ಯಾಪ್‌ಶಾಟ್ ತೆಗೆದು, ನಡುವೆ ಬೇಕೆಂದೇ ಕೆಲವು ಬೈಟ್ ಕೆಡಿಸಿ, ಎಲ್ಲ ದಾರಿಯನ್ನೂ ಹುಡುಗನ ಕಣ್ಣೆದುರಿಗೇ ನಡೆಸಿದೆ. ರಿಮೂವ್ ನಿಂತಿತು, ಸೆಂಡ್ ನಿಂತಿತು, ರಿಪ್ಲೇಸ್ ದಾಟಿತು. ಒಂದು ಗಂಟೆಯ ಕೆಲಸ. ಅದು ಕೊಡುವ ಧೈರ್ಯಕ್ಕೆ ಬೆಲೆ ಕಟ್ಟಲಾಗದು.

ಈ ತಾಲೀಮಿನಲ್ಲಿ ಇನ್ನೊಂದು ಸಂಗತಿ ಅವನಿಗೆ ತೋರಿಸಬೇಕಿತ್ತು, ತೋರಿಸಿದೆ. ರಿಪ್ಲೇಸ್ ಮುಗಿದ ಕೂಡಲೇ ಹಳೆಯ ಡಿಸ್ಕಿನ ಸೂಪರ್‌ಬ್ಲಾಕ್ (ಫೈಲ್‌ಸಿಸ್ಟಮ್‌ನ ತಲೆಪುಟ) ಅಳಿಸಿಹೋಗುತ್ತದೆ. ಹಳೆಯದನ್ನು ಸಿಕ್ಕಿಸಿದರೆ ಮೌಂಟ್ ಆಗುವುದಿಲ್ಲ. ಒಂದೇ ಯುಯುಐಡಿಯ ಎರಡು ಡಿಸ್ಕ್ ಉಳಿಯಬಾರದೆಂದೇ ಹಾಗೆ ಮಾಡಿದ್ದಾರೆ, ಸರಿಯಾದದ್ದೇ. ಆದರೆ 'ಹಳೇದು ಹೇಗೂ ಇದೆಯಲ್ಲ' ಎಂಬ ಧೈರ್ಯದಿಂದ ಹೊರಟವರಿಗೆ ಕಾಲ ಕೆಳಗಿನ ನೆಲವೇ ಸರಿದಂತಾಗುತ್ತದೆ. ಅದಕ್ಕೇ ಯಜಮಾನರಿಗೆ ಕಡ್ಡಾಯವಾಗಿ ಹೇಳಿದೆ: ಇನ್ನೊಂದು 2 ಟಿಬಿಯ ಹೊರಡಿಸ್ಕ್ ಬೇಕು, ಈಗಿನ 900 ಜಿಬಿಯಾದರೂ ಅದರಲ್ಲಿ ಮೊದಲು ಕೂರಬೇಕು, ಆಮೇಲೆ ಉಳಿದ ಮಾತು. ಅವರು ಎದುರು ಮಾತಾಡದೆ ತರಿಸಿದರು. ಆರ್‌ಸಿಂಕ್ ಅಲ್ಲಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು, 71ನೇ ಪುಟವೊಂದನ್ನು ಬಿಟ್ಟು.

ಭೀಮನ ಅಮಾವಾಸ್ಯೆಗೆ ಪ್ರೆಸ್ಸಿಗೆ ರಜೆ. ಅದೇ ದಿನ ಇಟ್ಟುಕೊಂಡೆವು. ಶ್ರಾವಣ ಹುಟ್ಟಿದರೆ ಲಗ್ನಪತ್ರಿಕೆಯ ಹಾವಳಿ, ಆಮೇಲೆ ಯಂತ್ರ ಕೈಗೆ ಸಿಗುವುದಿಲ್ಲ. ಹೊತ್ತಿಗೆ ಸರಿಯಾಗಿ ತಾವೇ ಸ್ನ್ಯಾಪ್‌ಶಾಟ್ ತೆಗೆಯುವ, ಅಳಿಸುವ ಕ್ರಾನ್ ಕೆಲಸಗಳನ್ನು ನಿಲ್ಲಿಸಿದೆ. ಸಬ್‌ವಾಲ್ಯೂಮ್ ಪಟ್ಟಿಯನ್ನು (ಸ್ನ್ಯಾಪ್‌ಶಾಟ್‌ಗಳೆಲ್ಲ ಇದರಲ್ಲಿ ಬರುತ್ತವೆ) ಯುಯುಐಡಿ ಸಮೇತ ಒಂದು ಫೈಲಿಗೆ ಇಳಿಸಿಟ್ಟೆ. ಸಾಮಾನ್ಯ ಡಿಸ್ಕುಗಳು ಕೆಟ್ಟ ಸೆಕ್ಟರನ್ನು ಓದಲು ಬಹಳ ಹೊತ್ತು ಒಳಗೊಳಗೇ ಹೆಣಗುತ್ತವೆ. ಕರ್ನೆಲ್ 30 ಸೆಕೆಂಡು ಕಾದು ಸಂಪರ್ಕವನ್ನೇ ಮರುಹೊಂದಿಸುತ್ತದೆ. ಆ ಗಪ್ಪನೆ ನಿಲ್ಲುವ ರೋಗ ಅದೇ. ಕರ್ನೆಲಿನ ಕಾಯುವ ಅವಧಿಯನ್ನು 180 ಸೆಕೆಂಡಿಗೆ ಏರಿಸಿದೆ. ಎರಡೂ ಡಿಸ್ಕನ್ನು ನೇರ ಸಾಟಾ ಕೇಬಲಿಗೇ ಸಿಕ್ಕಿಸಿದ್ದೆ, ಯುಎಸ್‌ಬಿ ಡಬ್ಬಿಯನ್ನು ಈ ಕೆಲಸಕ್ಕೆ ನಾನು ನಂಬುವುದಿಲ್ಲ. ಹೊಸದರಲ್ಲಿ ಆರ್‌ಸಿಂಕ್ ಕಾಲದ ಫೈಲ್‌ಸಿಸ್ಟಮ್ ಇದ್ದುದರಿಂದ ಒತ್ತಾಯದ ಆಯ್ಕೆ ಕೊಡಬೇಕಾಯಿತು. ಬೆಳಿಗ್ಗೆ ಆರೂವರೆಗೆ ರಿಪ್ಲೇಸ್ ಸ್ಟಾರ್ಟ್.

ಎಂಟು ಗಂಟೆಗೆ ಕರೆಂಟ್ ಹೋಯಿತು. ಹೊರಗೆ ಧೋ ಎಂದು ಮಳೆ. ಯುಪಿಎಸ್ ಇಪ್ಪತ್ತು ನಿಮಿಷ ತಡೆಯುತ್ತದೆ. ಹತ್ತು ನಿಮಿಷ ಕಾದು, ಬರುವ ಲಕ್ಷಣ ಕಾಣದೆ, 42.6 ಶೇಕಡ ತೋರಿಸುತ್ತಿದ್ದಾಗ ಅನ್‌ಮೌಂಟ್ ಮಾಡಿ ಯಂತ್ರ ಆರಿಸಿದೆ. ಹುಡುಗನ ಮುಖ ಬಿಳಿಚಿಕೊಂಡಿತ್ತು. ರಿಪ್ಲೇಸ್ ತಾನು ಎಲ್ಲಿಯವರೆಗೆ ಬಂದೆ ಎಂಬುದನ್ನು ಫೈಲ್‌ಸಿಸ್ಟಮ್‌ನಲ್ಲೇ ಬರೆದಿಡುತ್ತದೆ, ಮುಂದಿನ ಮೌಂಟಿನಲ್ಲಿ ಅಲ್ಲಿಂದ ತಾನೇ ಮುಂದುವರಿಯುತ್ತದೆ ಎಂದು ಹೇಳಿದೆ. ಕೇಳಿಸಿಕೊಂಡ, ನಂಬಲಿಲ್ಲ. ಹತ್ತು ಐವತ್ತಕ್ಕೆ ಕರೆಂಟ್ ಬಂತು. ಮೌಂಟ್ ಮಾಡಿ ಸ್ಥಿತಿ ಕೇಳಿದರೆ 42 ಚಿಲ್ಲರೆಯಿಂದ ಓಡುತ್ತಿತ್ತು. ಆಗ ಅವನು ಎದ್ದು ಚಹಾ ತರಲು ಹೋದ.

ಒಂದೂವರೆಗೆ ಮುಗಿಯಿತು. ಓದಲಾಗದ ತಪ್ಪು 3, ಬರೆಯುವ ತಪ್ಪು 0. ಫೈಲ್‌ಸಿಸ್ಟಮ್‌ನ ಯುಯುಐಡಿ ಬದಲಾಗದ್ದರಿಂದ ಯಾವ ಡಿಸ್ಕನ್ನು ಎಲ್ಲಿ ಮೌಂಟ್ ಮಾಡಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಕಡತ ಮುಟ್ಟುವ ಅಗತ್ಯವಿರಲಿಲ್ಲ. ಗಾತ್ರ ಇನ್ನೂ ಹಳೆಯ 2 ಟಿಬಿಯೇ. ಅದನ್ನು ನಾವೇ ಹಿಗ್ಗಿಸಬೇಕು. ಹೊಸ ಡಿಸ್ಕ್ ಹಳೆಯದರ ಸಂಖ್ಯೆಯನ್ನೇ ತೆಗೆದುಕೊಂಡಿರುತ್ತದೆ, ಆದ್ದರಿಂದ 1ನೇ ಸಾಧನವನ್ನು ಗರಿಷ್ಠಕ್ಕೆ ಹಿಗ್ಗಿಸು ಎಂಬ ಒಂದು ರಿಸೈಜ್ ಆಜ್ಞೆ ಸಾಕು. ಸಬ್‌ವಾಲ್ಯೂಮ್ ಪಟ್ಟಿಯನ್ನು ಬೆಳಗಿನದ್ದರ ಪಕ್ಕ ಇಟ್ಟು ತಾಳೆ ನೋಡಿದೆ: 61 ಹೆಸರು, 61 ಯುಯುಐಡಿ, ಒಂದೂ ಆಚೀಚೆ ಇಲ್ಲ.

ಉಳಿದದ್ದು 71ನೇ ಪುಟ. ಆ ಪುಸ್ತಕವನ್ನು ಕೊಟ್ಟಿದ್ದ ನಿವೃತ್ತ ಮೇಷ್ಟ್ರಿಗೆ ಸ್ಕ್ಯಾನ್ ಮುಗಿದಾಗ ಒಂದು ಡಿವಿಡಿ ಬರೆದುಕೊಟ್ಟಿದ್ದರು. ಮೂಲ ಪುಸ್ತಕಕ್ಕೆ ಅಷ್ಟರಲ್ಲಿ ಒರಲೆ ಹತ್ತಿತ್ತು. ಡಿವಿಡಿಯನ್ನು ಮಾತ್ರ ಮೇಷ್ಟ್ರು ಪಂಚೆಯ ತುಂಡಿನಲ್ಲಿ ಸುತ್ತಿ ಗೋದ್ರೇಜ್ ಬೀರುವಿನಲ್ಲಿ ಇಟ್ಟಿದ್ದರು. ಸ್ಕೂಟರಿನಲ್ಲಿ ತಾವೇ ತಂದುಕೊಟ್ಟರು. 48 ಎಂಬಿಯ ಫೈಲು, ಸಲೀಸಾಗಿ ಓದಿತು.

ಈಗಿನ ಪ್ರತಿಗೆ ಅದನ್ನು ಹಾಕಿದರೆ ಇವತ್ತಿನದು ಸರಿಯಾಗುತ್ತದೆ. ಆದರೆ ಕಾಪಿ ಆನ್ ರೈಟ್ ಅಲ್ಲವೇ, ಹೊಸದು ಹೊಸ ಜಾಗಕ್ಕೆ ಹೋಗುತ್ತದೆ. 55 ಸ್ನ್ಯಾಪ್‌ಶಾಟ್ ಕೆಟ್ಟ ತುಂಡನ್ನೇ ಹಿಡಿದು ಕೂತಿರುತ್ತವೆ, ನಾಳೆ ಸೆಂಡ್ ಮಾಡುವಾಗ ಅಡ್ಡ ಬರುತ್ತವೆ. ಹಂಚಿಕೆಯೇ ಕೆಡುಕನ್ನು 56 ಕಡೆಗೆ ಹರಡಿದ್ದು. ಅದೇ ಹಂಚಿಕೆಯಿಂದ ಮದ್ದನ್ನೂ ಹರಡಬಹುದು.

ಹೊಸ ಡಿಸ್ಕಿನ ಮೇಲೆ ಸ್ಕ್ರಬ್ ಓಡಿಸಿದೆ. ಈಗ ಓದುವ ತಪ್ಪಲ್ಲ, ಚೆಕ್‌ಸಮ್ ತಪ್ಪು ಎಂದು ಅದೇ ಮೂರು ಬ್ಲಾಕನ್ನು ತೋರಿಸಿತು, ಡಿಸ್ಕಿನ ಮೇಲಿನ ಭೌತಿಕ ಸ್ಥಾನದ ಸಮೇತ. ಫೈಲಿನೊಳಗಿನ ಸ್ಥಾನ 17469440ನೇ ಬೈಟು. 4096ರಿಂದ ಭಾಗಿಸಿದರೆ 4265, ಶೇಷವಿಲ್ಲ. ಡಿವಿಡಿಯ ಫೈಲಿನಲ್ಲಿ 4265 ಬ್ಲಾಕ್ ದಾಟಿ ಎರಡು ಬ್ಲಾಕ್ ತೆಗೆದರೆ ಅವೇ ನಮಗೆ ಬೇಕಾದ 8192 ಬೈಟು. ಫೈಲ್‌ಸಿಸ್ಟಮ್ ಅನ್‌ಮೌಂಟ್ ಮಾಡಿದೆ. ಬರೆಯಬೇಕಾದ ಜಾಗದಲ್ಲಿ ಈಗಿರುವ 8192 ಬೈಟನ್ನು ಮೊದಲು ಒಂದು ಫೈಲಿಗೆ ತೆಗೆದಿಟ್ಟೆ. ಲಾಗ್ ಕೊಡುವ ಸ್ಥಾನವನ್ನು ಪಾರ್ಟಿಷನ್ನಿನ ಆರಂಭದಿಂದ ಎಣಿಸಬೇಕು, ಡಿಸ್ಕಿನ ಆರಂಭದಿಂದಲ್ಲ. ಇಲ್ಲಿ ತಪ್ಪಿದರೆ ಬೇರೆ ಯಾರದೋ ಲಗ್ನಪತ್ರಿಕೆಯ ಮೇಲೆ ಯಕ್ಷಗಾನ ಕೂರುತ್ತದೆ. ಸಂಖ್ಯೆಗಳನ್ನು ನಾನು ಓದಿದೆ, ಹುಡುಗ ಕಾಗದದ ಮೇಲೆ ಭಾಗಿಸಿದ, ಮತ್ತೆ ಅವನು ಓದಿದ, ನಾನು ಭಾಗಿಸಿದೆ. ಎರಡೂ ತಾಳೆಯಾದ ಮೇಲೆ ಡಿಡಿಗೆ ಕೊಟ್ಟೆ. ಒಂದು ಕ್ಷಣದ ಕೆಲಸ.

ಬರೆದದ್ದು ಸರಿಯೋ ತಪ್ಪೋ ಎಂದು ನಾವು ಊಹಿಸಬೇಕಾಗಿಲ್ಲ. ಮೂರು ವರ್ಷದ ಸ್ನ್ಯಾಪ್‌ಶಾಟ್‌ಗಳೆಲ್ಲ ಹಿಡಿದಿಟ್ಟುಕೊಂಡಿರುವ ಚೆಕ್‌ಸಮ್ಮೇ ತೀರ್ಪು ಕೊಡುತ್ತದೆ. ಒಂದು ಬಿಟ್ ಬೇರೆಯಾಗಿದ್ದರೂ ಅದು ಓದಗೊಡುವುದಿಲ್ಲ. ಮೌಂಟ್ ಮಾಡಿ 55 ಸ್ನ್ಯಾಪ್‌ಶಾಟ್‌ಗಳ 71ನೇ ಪುಟವನ್ನೂ ಈಗಿನದನ್ನೂ ಸಾಲಾಗಿ ಓದಿಸಿ ಎಂಡಿ5 (ಫೈಲಿನ ತಾಳೆಮೊತ್ತ) ತೆಗೆದೆವು. ಪರದೆಯ ಮೇಲೆ ಒಂದೇ ಮೊತ್ತ 56 ಸಲ ಇಳಿಯಿತು. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಹುಡುಗ ಎರಡು ವರ್ಷದ ಹಿಂದಿನ ಸ್ನ್ಯಾಪ್‌ಶಾಟಿನಿಂದಲೇ ಪುಟ ತೆರೆದು ತೋರಿಸಿದ. ಅವರು ಕನ್ನಡಕ ಏರಿಸಿಕೊಂಡು ಕೆಳಗಿನ ಎರಡು ಸಾಲನ್ನು ಭಾಗವತರ ಧಾಟಿಯಲ್ಲೇ ಹೇಳಿದರು.

ಮೂರನೇ ಬ್ಲಾಕಿಗೆ ಮೂಲ ಎಲ್ಲೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದನ್ನು ಹಾಗೇ ಬಿಟ್ಟೆವು.

ಒಂದು ವಾರ ಕಾದು, ಮತ್ತೊಮ್ಮೆ ಸ್ಕ್ರಬ್ ಮಾಡಿ, ಆಮೇಲೆ ಹೊರಡಿಸ್ಕನ್ನು ಖಾಲಿ ಮಾಡಿ ಅದರ ಮೇಲೂ ಬಿಟಿಆರ್‌ಎಫ್‌ಎಸ್ ಹಾಕಿದೆ. ಈಗ ಸೆಂಡ್‌ನ ಸರದಿ. ಎಲ್ಲಕ್ಕಿಂತ ಹಳೆಯ ತಿಂಗಳಿನದ್ದು ಪೂರ್ತಿ, ನಂತರ ಒಂದೊಂದಕ್ಕೂ ಅದರ ಹಿಂದಿನದು ಪೋಷಕ. ತಾತ್ಕಾಲಿಕ ಫೈಲಿದ್ದ ಆ ಎರಡನ್ನು ಬಿಟ್ಟು, ಅವುಗಳ ಹಿಂದಿನದನ್ನೇ ಮುಂದಿನದ್ದಕ್ಕೆ ಪೋಷಕ ಮಾಡಿದೆ. 59 ಸ್ನ್ಯಾಪ್‌ಶಾಟ್ ಆಚೆ ಹೋದವು, ಹಂಚಿಕೆ ಸಮೇತ. ಹಿಡಿದ ಜಾಗ 1.4 ಟಿಬಿ. ಈಗ ಯಜಮಾನರ ಮೂರು ವರ್ಷ ಎರಡು ಡಿಸ್ಕಿನಲ್ಲಿದೆ.

ಹುಡುಗನಿಗೆ ಒಂದು ವಿಷಯವನ್ನು ಒತ್ತಿ ಹೇಳಿ ಬಂದೆ. ಆಚೆ ಬಂದ ಸ್ನ್ಯಾಪ್‌ಶಾಟ್‌ಗಳು ಓದಲು ಮಾತ್ರ. ಏನೋ ತಿದ್ದಬೇಕೆಂದು ಆ ಬೀಗ ತೆಗೆಯಬಾರದು. ತೆಗೆದರೆ ಅದು ಯಾವ ಮೂಲದಿಂದ ಬಂತು ಎಂಬ ಗುರುತು ಕಳೆದುಹೋಗುತ್ತದೆ, ಮುಂದಿನ ಸೆಂಡ್ 'ಪೋಷಕ ಸಿಗಲಿಲ್ಲ' ಎಂದು ನಿಲ್ಲುತ್ತದೆ. ತಿದ್ದಲೇಬೇಕಾದರೆ ಅದರದ್ದೇ ಇನ್ನೊಂದು ಸ್ನ್ಯಾಪ್‌ಶಾಟ್ ತೆಗೆದು, ಅದರಲ್ಲಿ ತಿದ್ದು. ಹಳೆಯ ಡಿಸ್ಕಿನ ಮೇಲೆ 'ಇದರಲ್ಲಿ ಏನೂ ಇಲ್ಲ' ಎಂದು ಅವನೇ ಮಾರ್ಕರಿನಲ್ಲಿ ಬರೆದ.

ಮುಂದಿನ ತಿಂಗಳ ಮೊದಲನೇ ತಾರೀಕು ರಾತ್ರಿ ಅವನಿಂದ ಒಂದು ಸಂದೇಶ: "ಅಣ್ಣಾ, ಈ ತಿಂಗಳಿಂದು ಆಚೆ ಹೋಯ್ತು. 6 ಜಿಬಿ. ಎರಡು ನಿಮಿಷನೂ ಹಿಡೀಲಿಲ್ಲ."